ಕಸ ಯಾರದು, ಹೊರೆ ಯಾರದು?

ಶಿರಸಿ, ಸಿದ್ದಾಪುರ, ಯಲ್ಲಾಪುರ ಈ ಮೂರು ಪೇಟೆಗಳಲ್ಲಿ ಯಾವುದಕ್ಕಾದರೂ ಬೆಳಗು ಹರಿಯುವ ಮೊದಲು ಹೋಗಿ ನೋಡಿರಿ. ಅಂಗಡಿಗಳ ಬಾಗಿಲು ತೆರೆದಿರುವುದಿಲ್ಲ, ಗಿರಣಿಯ ಸದ್ದು ಎದ್ದಿರುವುದಿಲ್ಲ. ಬೀದಿಯಲ್ಲಿರುವವರು ಪೌರಕಾರ್ಮಿಕರು ಮಾತ್ರ. ಹಿಂದಿನ ದಿನ ಊರೆಲ್ಲ ತಿಂದು, ಮಾರಿ, ಕೊಂಡು ಎಸೆದದ್ದನ್ನು ಅವರು ಬಾಚಿ ಗಾಡಿಗೆ ತುಂಬುತ್ತಿರುತ್ತಾರೆ. ನಾವು ಪೇಟೆಗೆ ಬರುವ ಹೊತ್ತಿಗೆ ಬೀದಿ ಚೊಕ್ಕಟವಾಗಿರುತ್ತದೆ. ಕಸ ಎಲ್ಲಿಗೆ ಹೋಯಿತೆಂದು ಯಾರೂ ಕೇಳುವುದಿಲ್ಲ. ಈ ವಾರ ನಾವು ಅದನ್ನೇ ಕೇಳುತ್ತೇವೆ.

ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಕಾಲದಲ್ಲಿ 'ಕಸ' ಎಂದರೇನು ಎಂದು ಕೇಳಿದರೆ ಹುಡುಗರು 'ಬೇಡವಾದದ್ದು' ಎಂದು ಉತ್ತರ ಕೊಡುತ್ತಿದ್ದರು. ನಾವೂ ಸರಿಯೆಂದು ಅಂಕ ಹಾಕುತ್ತಿದ್ದೆವು. ಕಾಯದೆಗೆ ಅಷ್ಟು ಸಾಲದು. ಯಾವ ಕಸದ ಹೆಸರೇನು, ಅದು ಯಾರ ಕೈಯಿಂದ ಎಲ್ಲಿಗೆ ಹೋಗಬೇಕು, ಅದರ ಖರ್ಚು ಯಾರದು ಎಂಬುದನ್ನೆಲ್ಲ ಕಾಯದೆ ಗೊತ್ತುಮಾಡುತ್ತದೆ. ಇದೆಲ್ಲ ವಕೀಲರ ಶಬ್ದಜಾಲ, ನಮಗೇಕೆ ಎಂದು ತಳ್ಳಿಹಾಕಬೇಡಿ. ಕಸಕ್ಕೆ ಹೆಸರಿಡುವವನು ಅದರ ಹೊರೆ ಯಾರ ತಲೆಯ ಮೇಲೆ ಕೂಡಬೇಕೆಂಬುದನ್ನೂ ನಿಶ್ಚಯಿಸುತ್ತಾನೆ.

ಈ ಕಾಯದೆ ತಾನಾಗಿ ಹುಟ್ಟಿದ್ದಲ್ಲ. ಬೆಂಗಳೂರಿನ ಅಲ್ಮಿತ್ರಾ ಪಟೇಲ್ ಎಂಬ ಮಹಿಳೆ 1996ರಲ್ಲಿ ಸುಪ್ರೀಮ್ ಕೋರ್ಟಿನ ಬಾಗಿಲು ತಟ್ಟಿದರು. ಅದರ ಫಲವಾಗಿ 2000ದಲ್ಲಿ ಊರ ಕಸದ ಬಗ್ಗೆ ಮೊದಲ ನಿಯಮಗಳು ಬಂದವು. 2016ರ ಏಪ್ರಿಲಿನಲ್ಲಿ ಅವನ್ನು ತೆಗೆದು ಘನತ್ಯಾಜ್ಯ ನಿರ್ವಹಣಾ ನಿಯಮಗಳನ್ನು ಮಾಡಿದರು. ಅವುಗಳ ಜಾಗದಲ್ಲಿ 2026ರ ಜನವರಿಯಲ್ಲಿ ಕೇಂದ್ರ ಸರಕಾರ ಮತ್ತೆ ಹೊಸ ನಿಯಮಗಳನ್ನು ಪ್ರಕಟಿಸಿ, ಏಪ್ರಿಲ್ 1ರಿಂದ ಜಾರಿಯೆಂದು ಸಾರಿತು. ಮೂವತ್ತು ವರ್ಷಗಳಲ್ಲಿ ಪುಸ್ತಕ ಮೂರು ಸಲ ಬದಲಾಯಿತು. ಗಾಡಿಯ ಹಿಂದೆ ನಡೆಯುವವರ ಪಾಡು ಎಷ್ಟು ಬದಲಾಯಿತೆಂಬುದೇ ಪ್ರಶ್ನೆ.

2016ರ ನಿಯಮ ಮನೆಯ ಕಸವನ್ನು ಮೂರು ಪಾಲು ಮಾಡಿತ್ತು: ಕೊಳೆಯುವ ಹಸಿ ಕಸ, ಕೊಳೆಯದ ಒಣ ಕಸ, ಮನೆಯಲ್ಲಿ ಹುಟ್ಟುವ ಅಪಾಯಕಾರಿ ಕಸ. 2026ರ ನಿಯಮ ನಾಲ್ಕು ಪಾಲು ಮಾಡಿತು. ಅನ್ನ, ತರಕಾರಿ, ಹೂವು, ಮೀನು ಮಾಂಸದ ಉಳಿಕೆ ಹಸಿ ಕಸ. ಕಾಗದ, ಪ್ಲಾಸ್ಟಿಕ್, ಗಾಜು, ಲೋಹ, ರಬ್ಬರು ಒಣ ಕಸ. ಮಕ್ಕಳ ಡೈಪರು, ಮುಟ್ಟಿನ ಪ್ಯಾಡು ಮೊದಲಾದವು ಬೇರೆಯಾಗಿ ಸುತ್ತಿ ಕೊಡತಕ್ಕ ನೈರ್ಮಲ್ಯ ಕಸ. ಬಣ್ಣದ ಡಬ್ಬಿ, ಟ್ಯೂಬ್‌ಲೈಟು, ಪಾದರಸದ ಥರ್ಮಾಮೀಟರು, ಅವಧಿ ಮೀರಿದ ಔಷಧ ಇವು ವಿಶೇಷ ಜಾಗ್ರತೆಯ ಕಸ. ಆಸ್ಪತ್ರೆಯ ಕಸ ಈ ಲೆಕ್ಕಕ್ಕೆ ಸೇರುವುದಿಲ್ಲ. ಅದಕ್ಕೆ 2016ರಲ್ಲೇ ಪ್ರತ್ಯೇಕ ನಿಯಮ ಬಂದು ಹಳದಿ, ಕೆಂಪು, ಬಿಳಿ, ನೀಲಿ ಎಂದು ಬಣ್ಣ ಗೊತ್ತುಮಾಡಿದರು. ಸೂಜಿ, ಬ್ಲೇಡು ಬಿಳಿ ಡಬ್ಬಿಗೆ ಹೋಗಬೇಕು.

ಇಷ್ಟೆಲ್ಲ ವಿಂಗಡಣೆ ಯಾಕೆ? ಮೂರು ಊರುಗಳಲ್ಲಿ ಒಂದು ಕಡೆ ನಾವು ಬೆಳಗಿನ ಪಾಳಿಯವರ ಸಂಗಡ ತಿರುಗಿದೆವು. ನಡುವಯಸ್ಸಿನ ಒಬ್ಬ ತಾಯಿ ಚೀಲ ಬಿಚ್ಚಿ ಬರಿಗೈ ಹಾಕಿದರು. ಹಳಸಿದ ಅನ್ನದ ನಡುವೆ ಒಡೆದ ಬಾಟಲಿಯಿತ್ತು. ಕೈ ಕೊಯ್ದು ರಕ್ತ ಬಂತು. ಸೆರಗಿನಿಂದ ಒರೆಸಿಕೊಂಡು ಮುಂದಿನ ಮನೆಗೆ ಹೋದರು. ಕೈಗವಸು ಕೊಟ್ಟಿಲ್ಲವೇ ಎಂದರೆ, 'ಹೋದ ವರ್ಷ ಕೊಟ್ಟಿದ್ದು ಹರಿದು ಹೋಯಿತು ಮಾಸ್ತರ್ರೇ' ಎಂದರು. ಕೈಗವಸು, ಮಳೆ ಅಂಗಿ, ಪಾದರಕ್ಷೆ, ಮುಖಗವಸು ಕೊಡುವುದು ಸ್ಥಳೀಯ ಸಂಸ್ಥೆಯ ಕರ್ತವ್ಯವೆಂದು 2016ರಲ್ಲೇ ನಿಯಮದಲ್ಲಿ ಬರೆದಿದ್ದರು. ಅದು ದಾನವಲ್ಲ, ಹಕ್ಕು. ಮಲವನ್ನು ತಲೆಯ ಮೇಲೆ ಹೊರಿಸುವ ಪದ್ಧತಿಯನ್ನು 1970ರ ದಶಕದಲ್ಲಿ ಬಿ. ಬಸವಲಿಂಗಪ್ಪನವರು ಮಂತ್ರಿಯಾಗಿದ್ದಾಗ ನಿಷೇಧಿಸಿದ ನಾಡು ನಮ್ಮದು. ತಲೆಯಿಂದ ಹೊರೆ ಇಳಿಯಿತು. ಕೈಗೆ ಗಾಜು ಚುಚ್ಚುವುದು ನಿಲ್ಲಲಿಲ್ಲ. ಆ ಗಾಜನ್ನು ಅನ್ನದ ಚೀಲಕ್ಕೆ ಹಾಕಿದವರು ಯಾರೋ ಸಾಹುಕಾರರೇ ಇರಬೇಕೆಂದಿಲ್ಲ. ಅದು ನಮ್ಮ ಮನೆಯ ಚೀಲವೂ ಆಗಿದ್ದೀತು. ಈ ಮಾತನ್ನು ನಮ್ಮ ಗಿರಣಿ ಬಂಧುಗಳಿಗೆ ಹೇಳದೆ ಬಿಟ್ಟರೆ ನಾವು ಅರ್ಧ ಸತ್ಯ ಹೇಳಿದಂತಾಗುತ್ತದೆ.

ಈಗ ಗಿರಣಿಯ ವಿಷಯ. ಬತ್ತದ ಹೊಟ್ಟು, ಬಾಯ್ಲರಿನ ಬೂದಿ, ಸಾಮಿಲ್ಲಿನ ಮರದ ಪುಡಿ ಇವು ಯಾವ ಕಸ? ಉದ್ಯಮದ ಕಸ ಊರ ಘನತ್ಯಾಜ್ಯದಲ್ಲಿ ಸೇರುವುದಿಲ್ಲವೆಂದು 2016ರ ನಿಯಮ ಸ್ಪಷ್ಟವಾಗಿ ಹೊರಗಿಟ್ಟಿತ್ತು. ಅಂದಮೇಲೆ ಅದನ್ನು ಸಾಗಿಸಿ ಮುಗಿಸುವ ಜವಾಬುದಾರಿ ಧಣಿಯದು, ಪೌರಕಾರ್ಮಿಕನದಲ್ಲ, ಗಿರಣಿಯ ಹಮಾಲನದಂತೂ ಅಲ್ಲವೇ ಅಲ್ಲ. ನಡೆಯುವುದೇನು? ಒಬ್ಬ ಹಮಾಲ ಬಂಧು ನಮಗೆ ಹೇಳಿದ: 'ರಾತ್ರಿ ಬೂದಿ ಗಾಡಿ ಹಳ್ಳದ ಬದಿಗೆ ಹೊಡೆದು ಬಾ ಎನ್ನುವವರು ಅವರು. ಊರವರು ಹಿಡಿದರೆ ಬೈಸಿಕೊಳ್ಳುವವ ನಾನು.' ಇಂಥ ಕೆಲಸಕ್ಕೆ ಬಾಯಿಮಾತಿನ ಅಪ್ಪಣೆಯನ್ನು ಒಪ್ಪಬೇಡಿ. ಎಲ್ಲಿ ಸುರಿಯಬೇಕೆಂದು ಚೀಟಿ ಬರೆದುಕೊಡಿ ಎಂದು ಕೇಳಿರಿ. ಚೀಟಿ ಬರೆಯಬೇಕಾದಾಗ ಎಷ್ಟೋ ಧಣಿಗಳಿಗೆ ಕಾಯದೆ ನೆನಪಾಗುತ್ತದೆ.

ಸಣ್ಣ ಅಂಗಡಿಕಾರರ ಸಂಕಟ ಬೇರೆ ಬಗೆಯದು. ಪ್ಲಾಸ್ಟಿಕ್ ಕೈಚೀಲವನ್ನು ನಮ್ಮ ರಾಜ್ಯ 2016ರ ಮಾರ್ಚಿನಲ್ಲೇ ನಿಷೇಧಿಸಿತು. ಒಂದೇ ಸಲ ಬಳಸಿ ಎಸೆಯುವ ಚಮಚ, ಲೋಟ, ಸ್ಟ್ರಾ ಮೊದಲಾದವನ್ನು ಕೇಂದ್ರ ಸರಕಾರ 2022ರ ಜುಲೈ 1ರಿಂದ ನಿಲ್ಲಿಸಿತು. ನಿಷೇಧ ಸರಿಯೇ, ನಾವು ಅದರ ವಿರೋಧಿಗಳಲ್ಲ. ಆದರೆ ಬಾಳೆಹಣ್ಣಿನ ಗಾಡಿಯವನ ಕೈಯಿಂದ ಚೀಲ ಕಸಿದು ದಂಡ ಹಾಕುವವರು, ಆ ಚೀಲ ಮಾಡಿದ ಕಾರಖಾನೆಯ ಬಾಗಿಲಿಗೆ ಹೋಗಿದ್ದಾರೆಯೇ? ಪಾನ್ ಮಸಾಲೆ, ತಂಬಾಕನ್ನು ಪ್ಲಾಸ್ಟಿಕ್ ಪೊಟ್ಟಣದಲ್ಲಿ ಮಾರಕೂಡದೆಂದು 2016ರ ಪ್ಲಾಸ್ಟಿಕ್ ನಿಯಮ ಹೇಳಿತು. ನಮ್ಮ ತೋಟದ ಅಡಿಕೆ ಉತ್ತರ ಹಿಂದೂಸ್ಥಾನಕ್ಕೆ ಹೋಗಿ ಪುಡಿಯಾಗಿ, ಹೊಳೆಯುವ ಪೊಟ್ಟಣವಾಗಿ ತಿರುಗಿ ನಮ್ಮ ಚರಂಡಿಗೇ ಬಂದು ಬೀಳುತ್ತದೆ. ಹೀಗೆ ಪ್ಲಾಸ್ಟಿಕ್ಕಿನಲ್ಲಿ ಸರಕು ಕಟ್ಟಿ ಮಾರುವ ಕಂಪನಿಗಳೇ ತಮ್ಮ ಹೊದಿಕೆಯನ್ನು ತಿರುಗಿ ಸಂಗ್ರಹಿಸುವ ಹೊಣೆ ಹೊರಬೇಕೆಂದು 2022ರ ಫೆಬ್ರುವರಿಯಲ್ಲಿ ವಿವರವಾದ ಕಟ್ಟಳೆ ಮಾಡಿದರು. ಲಾಭ ಕಂಪನಿಗೆ, ದಂಡ ಗೂಡಂಗಡಿಗೆ ಎಂಬುದು ಯಾವ ನ್ಯಾಯ?

ದೊಡ್ಡವರಿಗೂ ಕಾಯದೆಯಲ್ಲಿ ಹೆಸರಿದೆ. ದಿನಕ್ಕೆ 100 ಕಿಲೋಗಿಂತ ಹೆಚ್ಚು ಕಸ ಮಾಡುವವರನ್ನು 2016ರ ನಿಯಮ 'ಭಾರಿ ಕಸ ಉತ್ಪಾದಕರು' ಎಂದು ಕರೆಯಿತು. 2026ರ ನಿಯಮವೂ 100 ಕಿಲೋ ಗೆರೆಯನ್ನು ಉಳಿಸಿಕೊಂಡು, ಅಂಥವರು ಹಸಿ ಕಸವನ್ನು ಆದಷ್ಟು ತಮ್ಮ ಜಾಗದಲ್ಲೇ ಗೊಬ್ಬರ ಮಾಡಬೇಕೆಂದಿತು. ನೂರಕ್ಕಿಂತ ಹೆಚ್ಚು ಜನ ಸೇರುವ ಸಮಾರಂಭಕ್ಕೆ ಮೂರು ಕೆಲಸದ ದಿನ ಮುಂಚೆ ತಿಳಿಸಿ, ಕಸ ಬೇರ್ಪಡಿಸುವ ವ್ಯವಸ್ಥೆ ಮಾಡಬೇಕೆಂದೂ 2016ರ ನಿಯಮದಲ್ಲಿತ್ತು. ಎರಡು ವರ್ಷಕ್ಕೊಮ್ಮೆ ಶ್ರೀ ಮಾರಿಕಾಂಬಾ ಜಾತ್ರೆಗೆ ಲಕ್ಷಗಟ್ಟಲೆ ಜನ ಸೇರುವ ಶಿರಸಿಯಲ್ಲಿ ಈ ಮಾತಿನ ತೂಕ ಎಲ್ಲರಿಗೂ ತಿಳಿಯುತ್ತದೆ. ನಮ್ಮ ಮೂರು ಊರುಗಳ ಕಲ್ಯಾಣ ಮಂಟಪ, ಲಾಡ್ಜು, ದೊಡ್ಡ ಹೋಟೆಲುಗಳಲ್ಲಿ ಈ ಗೆರೆ ದಾಟಿದವು ಎಷ್ಟು? ಆ ಪಟ್ಟಿಯನ್ನು ಕಚೇರಿಯ ಬಾಗಿಲಿಗೆ ಅಂಟಿಸಲಿ. ಗಾಡಿಯಂಗಡಿಯವರ ಪಟ್ಟಿ ಇಡಲು ಸಾಧ್ಯವಾದವರಿಗೆ ಇದು ಕಷ್ಟವಾಗಲಾರದು.

ಕೊನೆಗೆ ಮೊದಲ ಪ್ರಶ್ನೆಗೆ ಬರೋಣ. ಕಸ ಎಲ್ಲಿಗೆ ಹೋಯಿತು? ಇಲ್ಲಿಯೂ ಹೆಸರಿನ ಆಟವಿದೆ. ಮುನ್ನೆಚ್ಚರಿಕೆಯಿಲ್ಲದೆ ಕಸ ಸುರಿಯುವ ಜಾಗವನ್ನು 2016ರ ನಿಯಮ 'ಡಂಪು' ಎಂದಿತು. ವೈಜ್ಞಾನಿಕ ಭೂಭರ್ತಿ ಎಂಬುದು ಬೇರೆ. ಗೊಬ್ಬರವಾಗದ, ಮತ್ತೆ ಬಳಕೆಗೆ ಬಾರದ ಉಳಿಕೆ ಮಾತ್ರ ಅಲ್ಲಿಗೆ ಹೋಗಬೇಕು. ತಳಕ್ಕೆ 90 ಸೆಂಟಿಮೀಟರ್ ಜೇಡಿ ಮಣ್ಣು, ಅದರ ಮೇಲೆ ಒಂದೂವರೆ ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್ ಹಾಸು ಇರಬೇಕು. ಹೊಳೆಯಿಂದ 100 ಮೀಟರ್, ಕೆರೆ, ಬಾವಿ, ವಸತಿಯಿಂದ 200 ಮೀಟರ್ ದೂರವಿರಬೇಕು. ಹಳೆಯ ಡಂಪುಗಳನ್ನು ಐದು ವರ್ಷದೊಳಗೆ ಶುದ್ಧಗೊಳಿಸಬೇಕು ಇಲ್ಲವೆ ಮುಚ್ಚಬೇಕು ಎಂದಿದ್ದರು. ಆ ಗಡುವು 2021ರ ಏಪ್ರಿಲಿಗೇ ತೀರಿತು. 'ತ್ಯಾಜ್ಯ ವಿಲೇವಾರಿ ಘಟಕ' ಎಂದು ಫಲಕ ನೆಟ್ಟ ಮಾತ್ರಕ್ಕೆ ಡಂಪು ಘಟಕವಾಗುವುದಿಲ್ಲ. ಅದು ತಿಪ್ಪೆ ಸಾರಿಸುವ ಕೆಲಸ.

ವರ್ಷಕ್ಕೆ ಸುಮಾರು ನೂರು ಇಂಚು ಮಳೆ ಸುರಿಯುವ ಸೀಮೆ ನಮ್ಮದು. ಬಯಲುಸೀಮೆಯ ತಿಪ್ಪೆ ಒಣಗಿ ನಿಲ್ಲುತ್ತದೆ. ನಮ್ಮದು ಕರಗಿ ಹರಿಯುತ್ತದೆ. ಅಘನಾಶಿನಿ ಹುಟ್ಟುವುದೇ ಶಿರಸಿಯ ಶಂಕರಹೊಂಡದಲ್ಲಿ ಎನ್ನುತ್ತಾರೆ. ಅದು ಸಿದ್ದಾಪುರದ ಕಾಡು ದಾಟಿ ಉಂಚಳ್ಳಿಯಲ್ಲಿ ಧುಮುಕಿ ಕುಮಟೆಯ ಕಡಲು ಸೇರುತ್ತದೆ. ಯಲ್ಲಾಪುರದ ಬದಿಯ ಬೇಡ್ತಿ ಗಂಗಾವಳಿಯಾಗಿ ಅಂಕೋಲೆಯ ಕಡೆ ಇಳಿಯುತ್ತದೆ. ಮೇಲಿನವರು ಸುರಿದದ್ದನ್ನು ಕೆಳಗಿನವರು ಕುಡಿಯಬೇಕಾಗುತ್ತದೆ. ಘಟ್ಟದ ಕೆಳಗೆ ಮಂಗಳೂರಿನಲ್ಲಿ ಏನಾಯಿತೆಂದು ಮರೆಯಬಾರದು. 2019ರ ಆಗಸ್ಟಿನ ಮಳೆಗೆ ಪಚ್ಚನಾಡಿಯ ಕಸದ ಗುಡ್ಡ ಜಾರಿ ಮಂದಾರದ ಅಡಿಕೆ, ತೆಂಗಿನ ತೋಟಗಳನ್ನು ಮುಚ್ಚಿತು. ಅಲ್ಲಿಯ ಕುಟುಂಬಗಳು ಮನೆ ಬಿಟ್ಟು ಹೋಗಬೇಕಾಯಿತು. ಊರ ಕಸ ಯಾರೋ ಬಡ ತೋಟಿಗನ ಅಂಗಳಕ್ಕೆ ಬಂತು.

ಜಾಗವಿಲ್ಲ, ಹಣವಿಲ್ಲ, ಸುತ್ತಲೂ ಅರಣ್ಯ ಎಂದು ಅಧಿಕಾರಿಗಳು ಹೇಳುತ್ತಾರೆ. ಅರಣ್ಯದ ಮಾತು ಸುಳ್ಳಲ್ಲ. ಅದಕ್ಕಾಗಿಯೇ ನಾವು ಹೇಳುವುದು: ಗುಡ್ಡೆ ಹಾಕುವ ಕಸ ಕಡಿಮೆಯಾದರೆ ಬೇಕಾಗುವ ಜಾಗವೂ ಕಡಿಮೆ. ಊರ ಕಸದಲ್ಲಿ ಹೆಚ್ಚು ಕಡಿಮೆ ಅರ್ಧ ಹಸಿ ಕಸ. ಬೆಟ್ಟದ ಸೊಪ್ಪು ತಂದು, ಸಗಣಿ ಹಾಕಿ, ಗೊಬ್ಬರಗುಂಡಿ ತುಂಬಿ ತೋಟ ಮಾಡಿದ ಸೀಮೆಗೆ ಗೊಬ್ಬರದ ಪಾಠ ಹೊರಗಿನವರು ಹೇಳಬೇಕಾಗಿಲ್ಲ. ಆದರೆ ಗಾಜು, ಪ್ಲಾಸ್ಟಿಕ್ ಬೆರೆತ ಗೊಬ್ಬರವನ್ನು ಯಾವ ತೋಟದವನೂ ಪುಕ್ಕಟೆ ಕೊಟ್ಟರೂ ಒಯ್ಯಲಾರ. ಬೇರ್ಪಡಿಸುವ ಕೆಲಸ ಮನೆ ಅಂಗಡಿಯ ಬಾಗಿಲಲ್ಲೇ ಆಗಬೇಕು. ನಾವು ಬೇರ್ಪಡಿಸಿ ಕೊಟ್ಟದ್ದನ್ನು ಒಂದೇ ಗಾಡಿಯಲ್ಲಿ ಮತ್ತೆ ಕಲಸುವುದು ನಿಲ್ಲಬೇಕು.

ನಮ್ಮ ಬೇಡಿಕೆ ನಾಲ್ಕೇ. ಪ್ರತಿ ಪೌರಕಾರ್ಮಿಕನಿಗೆ, ಗುತ್ತಿಗೆಯವನಿಗೂ, ಮಳೆಗಾಲದ ಮೊದಲು ಕೈಗವಸು, ಪಾದರಕ್ಷೆ, ಮಳೆ ಅಂಗಿ ಸಿಗಲಿ. ಗಾಡಿಗಳಲ್ಲಿ ನಾಲ್ಕು ಬಗೆಯ ಕಸಕ್ಕೆ ನಾಲ್ಕು ಖಾನೆ ಆಗಲಿ. ಭಾರಿ ಕಸ ಮಾಡುವವರ ಪಟ್ಟಿ ಬಹಿರಂಗವಾಗಲಿ. ಹಳೆಯ ಡಂಪುಗಳ ಹತ್ತಿರದ ಬಾವಿಗಳ ನೀರು ಪರೀಕ್ಷೆಯಾಗಿ ಫಲಿತಾಂಶವನ್ನು ಕನ್ನಡದಲ್ಲಿ ಪ್ರಕಟಿಸಲಿ. ನಗರಸಭೆಯಿರಲಿ, ಪಟ್ಟಣ ಪಂಚಾಯತಿಯಿರಲಿ, ಮುಂದಿನ ಸಭೆಗೆ ಈ ನಾಲ್ಕನ್ನೂ ಬರೆದು ಕೊಡೋಣ, ಉತ್ತರವನ್ನೂ ಬರಹದಲ್ಲೇ ಕೇಳೋಣ.

ಅಲ್ಲಿಯವರೆಗೆ ಒಂದು ಕೆಲಸ ನಮ್ಮ ಕೈಯಲ್ಲೇ ಇದೆ. ಇಂದು ರಾತ್ರಿ ಮನೆಯಲ್ಲಿ ಗಾಜು ಒಡೆದರೆ ಅದನ್ನು ಕಾಗದದಲ್ಲಿ ಸುತ್ತಿ ಬೇರೆ ಇಡಿರಿ. ನಾಳೆ ಬೆಳಿಗ್ಗೆ ಆ ಚೀಲಕ್ಕೆ ಕೈ ಹಾಕುವವರು ನಮ್ಮವರೇ.