ಗೋಣಿ ಎತ್ತುವುದನ್ನು ಬಿಟ್ಟ ಮೇಲೆ

ಉಪ್ಪಳದ ನಮ್ಮ ಜೀನಸು ಅಂಗಡಿಯಲ್ಲಿ ಉಪ್ಪ 50 ಕಿಲೋ ಅಕ್ಕಿ ಗೋಣಿಯನ್ನು ಒಬ್ಬರೇ ಹೆಗಲಿಗೇರಿಸುತ್ತಿದ್ದರು. 45ನೇ ಪ್ರಾಯದಲ್ಲಿ ಒಮ್ಮೆ ಸೊಂಟ ಹಿಡಿಯಿತು. "ಪ್ರಾಯ ಆಯಿತು, ಇನ್ನು ಭಾರ ಎತ್ತಬೇಡಿ" ಎಂದು ಮನೆಯವರೆಲ್ಲ ಹೇಳಿದೆವು. ಕೆಲಸಕ್ಕೆ ಹುಡುಗ ಬಂದ, ಉಪ್ಪ ಕುರ್ಚಿಯಲ್ಲಿ ಕುಳಿತರು. ಸೊಂಟ ಸರಿಯಾದ ಮೇಲೂ ಏಳಲಿಲ್ಲ. ಕಳೆದ ವರ್ಷ, 62ರಲ್ಲಿ, ನೆಲದಿಂದ ಏಳಲು ಅವರಿಗೆ ಇನ್ನೊಬ್ಬರ ಕೈ ಬೇಕಾಯಿತು. ನಮಾಝಿಗೂ ಕುರ್ಚಿ ಬಂತು. ಅಂದು ನಾವು ಪ್ರೀತಿಯಿಂದ ಹೇಳಿದ್ದು ನಿಜ, ಆದರೆ ಹೇಳಿದ್ದು ತಪ್ಪು.

ನಾನು ಕಲಿತದ್ದು ಮೆಕ್ಯಾನಿಕಲ್ ಡಿಪ್ಲೊಮಾ. ಯಂತ್ರ ಓಡಿದಷ್ಟೂ ಸವೆಯುತ್ತದೆ. ದೇಹವೂ ಹಾಗೇ ಎಂದುಕೊಂಡಿದ್ದೆ. ಹಾಗಲ್ಲ. ಕೆಲಸ ಕೊಡದ ಸ್ನಾಯು ಕರಗುತ್ತದೆ. 30 ದಾಟಿದ ಮೇಲೆ ಹತ್ತು ವರ್ಷಕ್ಕೆ ಸುಮಾರು 3ರಿಂದ 8 ಶೇಕಡಾ ಸ್ನಾಯು ಕಡಿಮೆಯಾಗುತ್ತದೆ. ಊಟದ ಬಳಿಕ ರಕ್ತದ ಸಕ್ಕರೆಯನ್ನು ಹೆಚ್ಚಾಗಿ ಹೀರಿಕೊಳ್ಳುವುದೂ ಈ ಸ್ನಾಯುವೇ. ಮನೆಮನೆಯಲ್ಲಿ ಶುಗರ್ ಮಾತ್ರೆ ಇರುವ ನಮಗೆ ಇದು ಸಣ್ಣ ವಿಷಯವಲ್ಲ.

"ನಾನು ದಿನಾ ವಾಕಿಂಗ್ ಹೋಗುತ್ತೇನೆ" ಎನ್ನುವವರಿದ್ದಾರೆ. ಒಳ್ಳೆಯದೇ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ನಡಿಗೆಯಂಥ ವ್ಯಾಯಾಮದ ಜೊತೆಗೆ, ವಾರಕ್ಕೆ ಕನಿಷ್ಠ 2 ದಿನ ಸ್ನಾಯು ಬಲಪಡಿಸುವ ವ್ಯಾಯಾಮವನ್ನು ಬೇರೆಯಾಗಿಯೇ ಹೇಳುತ್ತದೆ. ತಡವಾಯಿತು ಎಂದೂ ಇಲ್ಲ. 1990ರಲ್ಲಿ ಪ್ರಕಟವಾದ ಬೋಸ್ಟನ್ ಅಧ್ಯಯನವೊಂದರಲ್ಲಿ, 90ರ ಆಸುಪಾಸಿನ 10 ಮಂದಿ ವೃದ್ಧರಿಗೆ 8 ವಾರ ಭಾರದ ತರಬೇತಿ ಕೊಟ್ಟರು. ಅವರ ಕಾಲಿನ ಬಲ ಸರಾಸರಿ ಎರಡು ಪಟ್ಟಿಗಿಂತ ಹೆಚ್ಚಾಯಿತು.

ಜಿಮ್ ಬೇಕೆಂದಿಲ್ಲ. ಗಟ್ಟಿ ಕುರ್ಚಿಯಿಂದ ಕೈ ಊರದೆ 10 ಸಲ ಎದ್ದು ಕೂರಿ. ಗೋಡೆಗೆ ಕೈಯೊತ್ತಿ ದಂಡ ಹೊಡೆಯಿರಿ. ನೀರು ತುಂಬಿದ 2 ಲೀಟರ್ ಬಾಟಲಿ ಎತ್ತಿ ಇಳಿಸಿ. ಇನ್ನೂ ಎರಡು ಸಲ ಆಗುತ್ತದೆ ಎನ್ನುವಾಗಲೇ ನಿಲ್ಲಿಸಿ. ನಡುವೆ ಒಂದೆರಡು ದಿನ ಬಿಡುವು ಕೊಡಿ. ಸುಲಭವಾದರೆ ಮಾತ್ರ ಭಾರ ಸ್ವಲ್ಪ ಹೆಚ್ಚಿಸಿ, ಏಕೆಂದರೆ ಸ್ನಾಯುವಿನಷ್ಟು ಬೇಗ ಅದರ ಸ್ನಾಯುರಜ್ಜುಗಳು ಗಟ್ಟಿಯಾಗುವುದಿಲ್ಲ. ಉಸಿರು ಕಟ್ಟಬೇಡಿ, ಬಿಪಿ ಏರುತ್ತದೆ. ಎತ್ತುವಾಗ ಉಸಿರು ಹೊರಬಿಡಿ. ಮೈಕೈ ನೋವು ಸಹಜ. ಗಂಟಿನಲ್ಲಿ ಚುಚ್ಚಿದರೆ, ಎದೆ ಹಿಡಿದರೆ, ತಲೆ ತಿರುಗಿದರೆ ನಿಲ್ಲಿಸಲೇಬೇಕು. ಹೃದಯ, ಬಿಪಿ, ಶುಗರ್ ತೊಂದರೆ ಇದ್ದವರು ಮೊದಲೇ ಡಾಕ್ಟರನ್ನು ಕೇಳಿ. ಪೌಡರ್ ಡಬ್ಬಿ ಬೇಡ. ಮೀನು, ಮೊಟ್ಟೆ, ಹೆಸರುಕಾಳು ಸಾಕು.

ಉಪ್ಪ ಈಗ ವಾರಕ್ಕೆ ಎರಡು ಸಂಜೆ ಅಂಗಡಿಯಲ್ಲೇ 5 ಕಿಲೋ ಅಕ್ಕಿ ಚೀಲ ಎದೆಗೊತ್ತಿ ಕುರ್ಚಿಯಿಂದ ಏಳುತ್ತಾರೆ. ನಮಾಝಿನ ಕುರ್ಚಿ ಇನ್ನೂ ಇದೆ, ಆದರೆ ನೆಲದಿಂದ ಏಳಲು ಬೇರೆ ಕೈ ಬೇಡ.

ಉಮ್ಮ ಮಾತ್ರ ಇನ್ನೂ ಶುರು ಮಾಡಿಲ್ಲ. ಮುಟ್ಟು ನಿಂತ ಮೇಲೆ ಮೂಳೆ ಬೇಗ ಸವೆಯುವುದರಿಂದ ಅವರಿಗೇ ಇದು ಹೆಚ್ಚು ಬೇಕು. ಕೇಳಿದರೆ, "ಪುರುಸೊತ್ತು ಎಲ್ಲಿದೆ ಮೋನೇ?" ಎನ್ನುತ್ತಾರೆ. ಆ ಎರಡು ಸಂಜೆ ಅರ್ಧ ಗಂಟೆ ಅಡುಗೆಮನೆ ನೋಡಿಕೊಳ್ಳಬೇಕಾದವರು ಗಂಡಸರಾದ ನಾವೇ.