ಗುಡುಗಿದ್ದೆಲ್ಲ ನಾದವಲ್ಲ



ಯಾವ ವೈರ್‌ಲೆಸ್ ಹೆಡ್‌ಫೋನ್ ಕೊಳ್ಳಬೇಕೆಂದು ನಿಮ್ಮಲ್ಲಿ ಕೆಲವರು ನನ್ನನ್ನು ಕೇಳುತ್ತೀರಿ. ಕಂಪನಿಯ ಹೆಸರನ್ನು ನಾನು ಹೇಳಲಾರೆ. ಆದರೆ ಅವುಗಳನ್ನು ಅಳೆಯುವ ಇಂದಿನ ಅಳತೆಗೋಲೇ ಸೊಟ್ಟಗಿದೆ ಎಂದು ಖಂಡಿತವಾಗಿ ಹೇಳಬಲ್ಲೆ. ಅಂಗಡಿಯಲ್ಲಿ, ಯೂಟ್ಯೂಬಿನಲ್ಲಿ, ಎಲ್ಲೆಡೆಯೂ ಒಂದೇ ಮಾತು: "ಬೇಸ್ ಹೇಗಿದೆ ನೋಡಿ ಸಾರ್!" ಹತ್ತು ನಿಮಿಷ ಕಿವಿಗಿಟ್ಟು, ಎದೆ ನಡುಗುವಂತೆ ಗುಡುಗಿದರೆ ಐದಕ್ಕೆ ನಾಲ್ಕೂವರೆ ಅಂಕ. ಅಕ್ಷರ ದಪ್ಪಗಿದೆಯೆಂದು ಉತ್ತರವನ್ನು ಓದದೆಯೇ ಅಂಕ ಹಾಕುವ ಮೇಷ್ಟರನ್ನು ನೀವು ಒಪ್ಪುತ್ತಿದ್ದಿರೇನು?

ಡಬ್ಬಿಯ ಮೇಲಿನ ಅಂಕಿಗಳೂ ಹಾಗೆಯೇ. 20ರಿಂದ 20,000 ಹರ್ಟ್ಸ್ ಎಂದು ಅಗ್ಗದ್ದರ ಮೇಲೂ ಬರೆದಿರುತ್ತದೆ, ದುಬಾರಿಯದರ ಮೇಲೂ ಬರೆದಿರುತ್ತದೆ. ಆ ವ್ಯಾಪ್ತಿಯೊಳಗೆ ಯಾವ ಸ್ವರವನ್ನು ಎಷ್ಟು ಉಬ್ಬಿಸಿದ್ದಾರೆ, ಯಾವುದನ್ನು ಅದುಮಿದ್ದಾರೆ ಎಂಬುದೇ ಮುಖ್ಯ. ಅದನ್ನು ಮಾತ್ರ ಬರೆಯುವುದಿಲ್ಲ. ಎಲ್‌ಡಿಎಸಿ ಇದೆ, ಸೆಕೆಂಡಿಗೆ 990 ಕಿಲೋಬಿಟ್ ಹರಿಯುತ್ತದೆ ಎನ್ನುತ್ತಾರೆ. ಫೋನಿನಲ್ಲಿಯೂ ಅದು ಇಲ್ಲದಿದ್ದರೆ ಏನು ಪ್ರಯೋಜನ? ಐಫೋನಿನಲ್ಲಿ ಅದು ಇಲ್ಲವೇ ಇಲ್ಲ.

ಹಾಗಾದರೆ ಪರೀಕ್ಷೆ ಹೇಗೆ? ಮೊದಲು ತಂಬೂರಿಯನ್ನು ಕೇಳಿ. ಅದರ ಕುದುರೆಯ ಮೇಲೆ, ತಂತಿಯ ಅಡಿಯಲ್ಲಿ ಒಂದು ಎಳೆ ದಾರವಿರುತ್ತದೆ. ಝೇಂಕಾರ ಹುಟ್ಟುವುದು ಅದರಿಂದ. ಬೇಸ್ ಉಬ್ಬಿಸಿದ ಹೆಡ್‌ಫೋನಿನಲ್ಲಿ ಆ ಸೂಕ್ಷ್ಮ ಅನುಸ್ವರಗಳು ಮುಚ್ಚಿಹೋಗಿ ಬರಿಯ ಗುಂಯ್ ಉಳಿಯುತ್ತದೆ. ಬಳಿಕ ಗಂಗೂಬಾಯಿ ಹಾನಗಲ್ ಅವರ ಗಂಭೀರ ಕಂಠವನ್ನು ಕೇಳಿ. ದನಿಯ ಆಳ ಉಳಿದೂ ಪದಗಳು ಬಿಡಿಬಿಡಿಯಾಗಿ ಕೇಳಬೇಕು. ಕೊನೆಗೆ ದೊರೆಸ್ವಾಮಿ ಅಯ್ಯಂಗಾರರ ವೀಣೆ. ಮೀಟು ಮುಗಿದ ಮೇಲೂ ಗಮಕ ಎಲ್ಲಿಯವರೆಗೆ ಎಳೆಯುತ್ತದೆ ಎಂಬುದನ್ನು ಗಮನಿಸಿ. ಇಷ್ಟನ್ನೂ ಕಡಿಮೆ ದನಿಯಲ್ಲಿ ಕೇಳಬೇಕು. ದನಿ ಏರಿಸಿದಾಗ ಮಾತ್ರ ಚೆನ್ನಾಗಿರುವುದು ಚೆನ್ನಾದದ್ದಲ್ಲ.

"ಅವರವರ ರುಚಿ ಅವರವರಿಗೆ, ಮೇಷ್ಟ್ರೇ" ಎನ್ನುವಿರಿ. ರುಚಿ ಬೇರೆ ಬೇರೆ ಎಂಬುದು ನಿಜ. ಆದರೆ ಸಾಹಿತ್ಯ ಕಿವಿಗೆ ಬೀಳುತ್ತದೆಯೋ ಇಲ್ಲವೋ ಎಂಬುದು ರುಚಿಯ ಮಾತಲ್ಲ. ಹುಳಿಗೆ ಖಾರ ಎಷ್ಟೆಂಬುದು ರುಚಿ. ಬೇಳೆ ಬೆಂದಿದೆಯೇ ಎಂಬುದು ರುಚಿಯಲ್ಲ.

ಹಿತದ ವಿಷಯದಲ್ಲಂತೂ ವಿಮರ್ಶಕರು ಒಂದು ಸಾಲಿಗೆ ಮುಗಿಸುತ್ತಾರೆ. ಕನ್ನಡಕದ ಕಡ್ಡಿ ಕಿವಿಗೂ ಮೆತ್ತೆಗೂ ನಡುವೆ ಸಿಕ್ಕಿ ಒತ್ತುವುದು, ಓಲೆ ಜುಮುಕಿಗಳ ಮೇಲೆ ಮೆತ್ತೆ ಅದುಮುವುದು, ಏಪ್ರಿಲ್ ಬಿಸಿಲಿನಲ್ಲಿ ಕಿವಿ ಬೆವರುವುದು ಅವರ ಲೆಕ್ಕದಲ್ಲಿಲ್ಲ. ಸುಮಾರು 250 ಗ್ರಾಂ ತೂಕ ಹತ್ತು ನಿಮಿಷಕ್ಕೆ ಹೂವು, ಎರಡು ಗಂಟೆಗೆ ಗುಂಡುಕಲ್ಲು. ಕಿವಿಯೊಳಗೆ ಇಡುವಂಥದಾದರೆ, ಜೊತೆಗೆ ಬರುವ ಮೂರು ಅಳತೆಯ ರಬ್ಬರ್ ತುದಿಗಳನ್ನೂ ಹಾಕಿ ನೋಡಿ. ಅಳತೆ ಹೊಂದದಿದ್ದರೆ ಸಂದಿಯಿಂದ ತಗ್ಗು ಸ್ವರ ಸೋರಿಹೋಗುತ್ತದೆ. ಆಗ ಎಲ್ಲರೂ ದನಿ ಏರಿಸುತ್ತಾರೆ.

ನನ್ನ ಮುಖ್ಯ ತಕರಾರು ಇಲ್ಲಿದೆ. ಪಿಟೀಲು ಚೌಡಯ್ಯನವರು ಮೈಕು ಅಪರೂಪವಾಗಿದ್ದ ಕಾಲದಲ್ಲಿ ಕೊನೆಯ ಸಾಲಿಗೂ ನಾದ ಮುಟ್ಟಲೆಂದು ಏಳು ತಂತಿಯ ಪಿಟೀಲು ನುಡಿಸಿದರು. ಈಗ ಸದ್ದು ಹುಟ್ಟುವುದೇ ಕಿವಿಯ ತಮಟೆಯ ಪಕ್ಕದಲ್ಲಿ, ಅದಕ್ಕೆ ಅಬ್ಬರವೇಕೆ? ನಮ್ಮ ಕೆಂಪಾಪುರದಿಂದ ಹೆಬ್ಬಾಳದ ಮೇಲ್ಸೇತುವೆಯವರೆಗೆ ಬಸ್ಸಿನಲ್ಲಿ ಹೋಗಿ ನೋಡಿ. ಸದ್ದು ತಡೆಯುವ ತಂತ್ರ ಇಂಜಿನ್ನಿನ ಒಂದೇ ಸಮನಾದ ಮೊರೆತವನ್ನು ತಗ್ಗಿಸುತ್ತದೆ. ಹಠಾತ್ತನೆ ಮೊಳಗುವ ಹಾರನ್ನನ್ನು ಅಷ್ಟಾಗಿ ತಡೆಯಲಾರದು. ಹಾರನ್ನನ್ನು ಮೀರಿಸಲು ಮಕ್ಕಳು ದನಿ ಏರಿಸುತ್ತಾರೆ. ವಾರಕ್ಕೆ 80 ಡೆಸಿಬೆಲ್ ಆದರೆ 40 ಗಂಟೆ, 90 ಆದರೆ ನಾಲ್ಕೇ ಗಂಟೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಮಿತಿ ಹೇಳಿದೆ. ಒಳಗಿವಿಯ ಸೂಕ್ಷ್ಮ ರೋಮಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಗುಡುಗಿಗೆ ಅಂಕ ಕೊಡುವವರು ಈ ನಷ್ಟಕ್ಕೆ ಹೊಣೆಯಾಗುವರೇ?

ಆದ್ದರಿಂದ ಮುಂದಿನ ಸಲ ಅಂಗಡಿಯವರು ಬೇಸ್ ಕೇಳಿಸಲು ಬಂದರೆ, "ಒಂದು ತಂಬೂರಿ ಹಾಕಿ, ದನಿ ಅರ್ಧಕ್ಕಿಳಿಸಿ" ಎನ್ನಿ. ಹೆಡ್‌ಫೋನ್ ಹಾಳಾದರೆ ಇನ್ನೊಂದು ತರಬಹುದು. ಕಿವಿಯನ್ನು ಯಾವ ಅಂಗಡಿಯಲ್ಲಿ ತರುತ್ತೀರಿ?