ತೆರೆಯದ ಪೆಟ್ಟಿಗೆ, ತೋರಿಸದ ಭಾವಚಿತ್ರ

ನೀರಿನ ಅಂಚಿನ ಎತ್ತರದ ಗೋಪುರವೊಂದರ ತುದಿಯಲ್ಲಿ ಬಾಲಕನೊಬ್ಬ ಒಂಟಿಯಾಗಿ ನಡುಗುತ್ತ ಕುಳಿತಿದ್ದಾನೆ. ಜೊತೆಗಾರರೆಲ್ಲ ಆಗಲೇ ನೀರಿಗೆ ಹಾರಿ ಹೋಗಿದ್ದಾರೆ. ಅಣ್ಣನೂ ಹಾರಿದ್ದಾನೆ. ಇವನಿಗೆ ಹಾರುವ ಧೈರ್ಯವಿಲ್ಲ. ಏಣಿಯಿಂದ ಇಳಿದರೆ ಹೇಡಿಯೆಂಬ ಹೆಸರು ತಪ್ಪದು. ಕೊನೆಗೆ ತಾಯಿ ಮೇಲೇರಿ ಬಂದು, ಮಗನನ್ನು ಅಪ್ಪಿಕೊಂಡು, ಈ ಸಂಗತಿಯನ್ನು ಯಾರಿಗೂ ಹೇಳುವುದಿಲ್ಲವೆಂದು ಮಾತು ಕೊಡುತ್ತಾಳೆ. ಮರುದಿನ ಅಣ್ಣ ತಮ್ಮಂದಿರು ಜಗಳವಾಡುತ್ತ ಮನೆಗೆ ಓಡಿ ಬಂದಾಗ ಅದೇ ತಾಯಿ ಮೆಲುದನಿಯಲ್ಲಿ ಹೇಳುವ ಸುದ್ದಿ ಬೇರೆಯದು: ತಂದೆ ಬಂದಿದ್ದಾನೆ, ಮಲಗಿದ್ದಾನೆ. ಹನ್ನೆರಡು ವರ್ಷ ಮನೆಯಲ್ಲಿಲ್ಲದ ತಂದೆ. ಮಕ್ಕಳು ಅಟ್ಟಕ್ಕೆ ಓಡಿ, ಹಳೆಯ ಭಾವಚಿತ್ರವನ್ನು ಹುಡುಕಿ ನೋಡಿ, ಮಲಗಿರುವವನು ತಂದೆಯೇ ಎಂದು ಖಚಿತಪಡಿಸಿಕೊಳ್ಳಬೇಕಾಗುತ್ತದೆ.

ರಷ್ಯಾದ ನಿರ್ದೇಶಕ ಆಂದ್ರೇಯ್ ಜ್ವ್ಯಾಗಿಂತ್ಸೆವ್ ಅವರ ಮೊದಲ ಕಥಾಚಿತ್ರ 'ದಿ ರಿಟರ್ನ್' ಆರಂಭವಾಗುವುದು ಹೀಗೆ. 2003ರ ವೆನಿಸ್ ಚಿತ್ರೋತ್ಸವದಲ್ಲಿ ಅದು ಅತ್ಯುನ್ನತ ಪ್ರಶಸ್ತಿಯಾದ 'ಸ್ವರ್ಣ ಸಿಂಹ'ವನ್ನು ಪಡೆಯಿತು. 1962ರಲ್ಲಿ ಇದೇ ಪ್ರಶಸ್ತಿಯನ್ನು ಹಂಚಿಕೊಂಡಿದ್ದ ತಾರ್ಕೋವ್‌ಸ್ಕಿಯವರ 'ಇವಾನ್ಸ್ ಚೈಲ್ಡ್‌ಹುಡ್' ಕೂಡ ನಿರ್ದೇಶಕನ ಮೊದಲ ಪೂರ್ಣಪ್ರಮಾಣದ ಚಿತ್ರವಾಗಿತ್ತು. ಅಲ್ಲಿಯ ಬಾಲಕನ ಹೆಸರೂ ಇವಾನ್ ಆಗಿತ್ತು. ಹಿರಿಯ ಮಗ ಆಂದ್ರೇಯ್‌ನ ಪಾತ್ರ ವಹಿಸಿದ್ದ ವ್ಲಾದಿಮಿರ್ ಗಾರಿನ್ ಎಂಬ ಕಿಶೋರನು ಚಿತ್ರ ವೆನಿಸಿನ ತೆರೆಯನ್ನು ಕಾಣುವ ಮೊದಲೇ, ಅದೇ ವರ್ಷ, ಸರೋವರವೊಂದರಲ್ಲಿ ಮುಳುಗಿ ತೀರಿಕೊಂಡನು. ಆ ದುಃಖವನ್ನು ಕಥೆಯ ಅರ್ಥದೊಡನೆ ಬೆರೆಸುವುದು ಉಚಿತವಲ್ಲ. ಚಿತ್ರದೊಳಗಿನ ಶೋಕವೇ ಸಾಕಷ್ಟು ಭಾರವಾಗಿದೆ.

ಭಾನುವಾರದಿಂದ ಶನಿವಾರದವರೆಗಿನ ಏಳು ದಿನಗಳ ಕಥೆಯಿದು. ಮೀನು ಹಿಡಿಯಲೆಂದು ತಂದೆ ಇಬ್ಬರು ಮಕ್ಕಳನ್ನೂ ಕಾರಿನಲ್ಲಿ ಕರೆದೊಯ್ಯುತ್ತಾನೆ. ದಾರಿಯಲ್ಲಿ ಯೋಜನೆ ಬದಲಾಗುತ್ತದೆ. ಕಾರಣವನ್ನು ಮಕ್ಕಳಿಗೆ ಯಾರೂ ಹೇಳುವುದಿಲ್ಲ. ಕಡೆಗೆ ಮೂವರೂ ನಿರ್ಜನವಾದ ದ್ವೀಪವೊಂದನ್ನು ತಲುಪುತ್ತಾರೆ. ಅಲ್ಲಿ ತಂದೆ ನೆಲವನ್ನು ಅಗೆದು ಪೆಟ್ಟಿಗೆಯೊಂದನ್ನು ಹೊರತೆಗೆದು, ಗುಟ್ಟಾಗಿ ದೋಣಿಯಲ್ಲಿ ಇರಿಸುತ್ತಾನೆ. ಪೆಟ್ಟಿಗೆಯಲ್ಲಿ ಏನಿತ್ತು? ಹನ್ನೆರಡು ವರ್ಷ ಆತ ಎಲ್ಲಿದ್ದ? ಚಿತ್ರ ಎರಡಕ್ಕೂ ಉತ್ತರ ಕೊಡುವುದಿಲ್ಲ.

ಉತ್ತರವಿಲ್ಲದ ಈ ಜಾಗವನ್ನು ವಿಮರ್ಶೆ ಬಗೆಬಗೆಯಾಗಿ ತುಂಬಿದೆ. ಮಲಗಿರುವ ತಂದೆಯ ದೃಶ್ಯವು ಇಟಲಿಯ ಕಲಾವಿದ ಮಾಂತೇನ್ಯಾ ಬರೆದ ಮೃತ ಕ್ರಿಸ್ತನ ಚಿತ್ರವನ್ನು ಹೋಲುತ್ತದೆ. ಮಕ್ಕಳು ಹುಡುಕುವ ಭಾವಚಿತ್ರವಿರುವುದು ಸಚಿತ್ರ ಬೈಬಲಿನ ಪುಟಗಳ ನಡುವೆ, ಮಗನನ್ನು ಬಲಿಕೊಡಲು ಸಿದ್ಧನಾದ ಅಬ್ರಹಾಮನ ಚಿತ್ರದ ಬಳಿ. ಇವುಗಳ ಆಧಾರದಿಂದ ಚಿತ್ರವನ್ನು ಧಾರ್ಮಿಕ ರೂಪಕವಾಗಿ ಓದಿದವರಿದ್ದಾರೆ. ಇನ್ನು ಕೆಲವರಿಗೆ ಅದು ರಾಜಕೀಯ ರೂಪಕ: 1991ರಲ್ಲಿ ಸೋವಿಯತ್ ಒಕ್ಕೂಟ ಕುಸಿಯಿತು, ಚಿತ್ರ ಬಂದದ್ದು 2003ರಲ್ಲಿ, ನಡುವೆ ಸರಿಯಾಗಿ ಹನ್ನೆರಡು ವರ್ಷ. ಈ ಓದುಗಳು ಆಧಾರವಿಲ್ಲದವೇನಲ್ಲ. ಆದರೆ ಅವುಗಳಿಗೆ ಒಂದು ಅಪಾಯವಿದೆ. ತಂದೆಯನ್ನು ದೇವರೆಂದೋ ರಾಷ್ಟ್ರವೆಂದೋ ಹೆಸರಿಸಿದ ಕೂಡಲೇ ಪ್ರೇಕ್ಷಕನು ಹಗುರಾಗುತ್ತಾನೆ. ಸೇತುವೆಯ ಮೇಲೆ ಮಳೆಯಲ್ಲಿ ನೆನೆಯುತ್ತ ಕುಳಿತ ಬಾಲಕನು ಕಣ್ಮರೆಯಾಗುತ್ತಾನೆ. ಚಿತ್ರದ ಪ್ರಶ್ನೆ ಇರುವುದು ಆ ಬಾಲಕನ ಬಳಿಯಲ್ಲಿ.

ಮೀನು ಹಿಡಿಯುವ ಜಾಗವನ್ನು ಬಿಟ್ಟು ಬಂದುದಕ್ಕೆ ಇವಾನ್ ಗೊಣಗುತ್ತಾನೆ. ತಂದೆ ಕಾರನ್ನು ನಿಲ್ಲಿಸಿ, ಗಾಳದ ಕೋಲಿನ ಸಮೇತ ಅವನನ್ನು ಇಳಿಸಿ ಹೊರಟುಹೋಗುತ್ತಾನೆ. ಮಳೆ ಸುರಿಯುತ್ತದೆ. ಬಹಳ ಹೊತ್ತಿನ ನಂತರ ಕಾರು ಮರಳಿ ಬಂದಾಗ, ತೊಯ್ದು ತೊಪ್ಪೆಯಾದ ಮಗ ಅಳುತ್ತಳುತ್ತ ಕೇಳುತ್ತಾನೆ: ನೀನು ಏಕೆ ಬಂದೆ? ನಮ್ಮನ್ನು ಏಕೆ ಕರೆತಂದೆ? ನೀನಿಲ್ಲದೆಯೂ ನಾವು ಚೆನ್ನಾಗಿಯೇ ಇದ್ದೆವಲ್ಲ? ನಿಮ್ಮೊಡನೆ ಕೆಲವು ದಿನ ಇರುವಂತೆ ನಿಮ್ಮ ತಾಯಿ ಕೇಳಿದಳು ಎನ್ನುತ್ತಾನೆ ತಂದೆ. ಹಾಗಾದರೆ ನಿನಗೇನು ಬೇಕಾಗಿತ್ತು ಎಂಬುದು ಮಗನ ಮುಂದಿನ ಪ್ರಶ್ನೆ. ಇಡೀ ಚಿತ್ರದಲ್ಲಿ ಇದಕ್ಕಿಂತ ನೇರವಾದ ಮಾತು ಇನ್ನೊಂದಿಲ್ಲ. ಇವಾನ್‌ಗೆ ಬೇಕಾಗಿದ್ದದ್ದು ಹನ್ನೆರಡು ವರ್ಷಗಳ ಲೆಕ್ಕವಲ್ಲ. ತಾನು ಬೇಕಾದವನು ಎಂಬ ಒಂದು ಮಾತು.

ತಂದೆಯನ್ನು ಕೇವಲ ಕ್ರೂರಿಯೆಂದು ತಳ್ಳಿಹಾಕುವುದೂ ನ್ಯಾಯವಲ್ಲ. ಆತ ಮಕ್ಕಳನ್ನು ಗಂಡಾಳುಗಳನ್ನಾಗಿ ಮಾಡಬೇಕೆಂದು ನಿಜವಾಗಿಯೂ ಬಯಸುತ್ತಾನೆ. ಹಣದ ಚೀಲವನ್ನು ಹಿರಿಯ ಮಗನ ಕೈಗೆ ಕೊಟ್ಟು ಜವಾಬ್ದಾರಿ ಕಲಿಸುತ್ತಾನೆ. ಅದನ್ನು ಕಸಿದುಕೊಂಡ ಪುಂಡರಲ್ಲಿ ಒಬ್ಬನನ್ನು ಹಿಡಿದು ತಂದು, ಹೊಡೆಯಿರೆಂದು ಮಕ್ಕಳ ಮುಂದೆ ನಿಲ್ಲಿಸುತ್ತಾನೆ, ಮಕ್ಕಳು ಹೊಡೆಯುವುದಿಲ್ಲ. ಕೆಸರಿನಲ್ಲಿ ಹೂತ ಚಕ್ರದಡಿಗೆ ಕೊಂಬೆಗಳನ್ನು ಒಡ್ಡುವುದು, ದೋಣಿಗೆ ಡಾಂಬರು ಬಳಿಯುವುದು, ಯಂತ್ರ ಕೈಕೊಟ್ಟಾಗ ಹುಟ್ಟು ಹಾಕುವುದು, ಎಲ್ಲವನ್ನೂ ಆತ ಕಲಿಸುತ್ತಾನೆ. ಆದರೆ ಪ್ರತಿಯೊಂದೂ ಅಪ್ಪಣೆಯ ರೂಪದಲ್ಲಿಯೇ ಬರುತ್ತದೆ. ಅಪ್ಪಾ ಎಂದು ಕರೆಯಬೇಕೆಂಬುದೂ ಒಂದು ಅಪ್ಪಣೆಯೇ. ಅಣ್ಣನು ಆ ಕರೆಗಾಗಿ ಹಸಿದವನು, ಸುಲಭವಾಗಿ ಒಪ್ಪುತ್ತಾನೆ. ತಮ್ಮನ ಬಾಯಲ್ಲಿ ಆ ಪದ ಬಂದರೂ ಅದರಲ್ಲಿ ಜೀವವಿರುವುದಿಲ್ಲ.

ದ್ವೀಪದಲ್ಲಿ ಈ ಬಿಗಿ ಹರಿಯುತ್ತದೆ. ಒಂದು ಗಂಟೆಯಲ್ಲಿ ಮರಳುವುದಾಗಿ ಹೇಳಿ ದೋಣಿಯಲ್ಲಿ ಹೋದ ಮಕ್ಕಳು ಬಹಳ ತಡಮಾಡಿ ಬರುತ್ತಾರೆ. ತಂದೆ ಹಿರಿಯನಿಗೆ ಹೊಡೆದು, ಕೊಡಲಿಯನ್ನೂ ಎತ್ತುತ್ತಾನೆ. ಇವಾನ್ ಚಾಕು ಹಿಡಿದು ಅಡ್ಡ ಬಂದು, ತನ್ನ ದ್ವೇಷವನ್ನೆಲ್ಲ ಕಾರಿಕೊಂಡು, ಅಲ್ಲಿರುವ ಎತ್ತರದ ಗೋಪುರದತ್ತ ಓಡುತ್ತಾನೆ. ಮೊದಲ ದೃಶ್ಯದಲ್ಲಿ ಎತ್ತರಕ್ಕೆ ಅಂಜಿ ಕುಳಿತಿದ್ದವನೇ ಈಗ ತುದಿಗೇರಿ, ಮೇಲಿನ ಬಾಗಿಲನ್ನು ಮುಚ್ಚಿಕೊಳ್ಳುತ್ತಾನೆ. ತಂದೆ ಬೆನ್ನಟ್ಟಿ ಹತ್ತುತ್ತಾನೆ. ಬಾಗಿಲು ತೆರೆಯದಿದ್ದಾಗ ಹೊರಗಿನಿಂದ ಏರಲು ಹೋಗುತ್ತಾನೆ. ಹಿಡಿದ ಹಲಗೆ ಮುರಿಯುತ್ತದೆ. ಅಂದು ತಾಯಿ ಏರಿ ಬಂದಿದ್ದಳು, ಅಪ್ಪಿಕೊಂಡಿದ್ದಳು. ಇಂದು ತಂದೆ ಏರಿ ಬಂದ, ತಲುಪಲಿಲ್ಲ.

ಇಲ್ಲಿಂದ ಮುಂದಿನ ಭಾಗವನ್ನು ತಂದೆಯ ಗೆಲುವೆಂದು ಓದುವವರು ಅನೇಕರು. ಕೊಂಬೆಗಳನ್ನು ಕಡಿದು, ಅವುಗಳ ಮೇಲೆ ಶವವನ್ನು ಎಳೆದು ತಂದು, ದೋಣಿಗೇರಿಸಿ, ಮಕ್ಕಳು ತಾವೇ ಹುಟ್ಟು ಹಾಕಿ ದಡ ಸೇರುತ್ತಾರೆ. ಹಿರಿಯನ ಮಾತಿನಲ್ಲಿ ತಂದೆಯ ಬಿರುಸು ಧ್ವನಿ ಕೇಳಿಸುತ್ತದೆ. ಕಲಿಸಿದ್ದೆಲ್ಲ ಕೈಗೆ ಬಂದಿದೆ. ಆದುದರಿಂದ ಆ ಕಾಠಿಣ್ಯ ಸಾರ್ಥಕವಾಯಿತು ಎಂಬುದು ಅವರ ವಾದ. ಹೊರಗೆ ಗದರಿದರೂ ಒಳಗೆ ಪ್ರೀತಿಯಿತ್ತು ಎಂದು ಸತ್ತ ತಂದೆಯರ ಬಗೆಗೆ ಹೇಳಿ ಸಮಾಧಾನಪಡುವ ರೂಢಿ ಯಾವ ನಾಡಿಗೂ ಹೊಸದಲ್ಲ. ಆದರೆ ಈ ಸಮಾಧಾನವನ್ನು ಚಿತ್ರ ಒಪ್ಪಿದಂತೆ ತೋರುವುದಿಲ್ಲ. ತಂದೆ ಕಲಿಸಿದ ವಿದ್ಯೆ ಮಕ್ಕಳಿಗೆ ಮೊದಲು ಉಪಯೋಗಕ್ಕೆ ಬಂದದ್ದು ತಂದೆಯ ಹೆಣವನ್ನು ಸಾಗಿಸಲು. ಇದಕ್ಕಿಂತ ಕಹಿಯಾದ ಸಾರ್ಥಕತೆ ಉಂಟೇ? ಕೈಗಳು ಕಲಿತವು ನಿಜ. ಸಂಬಂಧ ಮಾತ್ರ ಹುಟ್ಟಲಿಲ್ಲ.

ಕನ್ನಡದ ಓದುಗನಿಗೆ ಇಲ್ಲಿ ಬಭ್ರುವಾಹನನ ನೆನಪಾಗುವುದು ಸಹಜ. ಲಕ್ಷ್ಮೀಶನ 'ಜೈಮಿನಿ ಭಾರತ'ದಲ್ಲಿಯೂ ಯಕ್ಷಗಾನದ ರಂಗದಲ್ಲಿಯೂ ಬಾಳಿ ಬಂದ ಕಥೆಯದು. ಯಜ್ಞಾಶ್ವದ ಬೆಂಗಾವಲಾಗಿ ಮಣಿಪುರಕ್ಕೆ ಬಂದ ಅರ್ಜುನನು, ಭಕ್ತಿಯಿಂದ ಎದುರುಗೊಂಡ ಮಗನನ್ನು ಹೀನಾಯವಾಗಿ ನುಡಿದು ತಿರಸ್ಕರಿಸುತ್ತಾನೆ. ಯುದ್ಧದಲ್ಲಿ ಆ ಮಗನಿಂದಲೇ ಮಡಿಯುತ್ತಾನೆ. 1977ರ 'ಬಭ್ರುವಾಹನ' ಚಲನಚಿತ್ರದಲ್ಲಿ ತಂದೆ ಮಗ ಎರಡೂ ಪಾತ್ರಗಳನ್ನು ಡಾ. ರಾಜಕುಮಾರ್ ಅವರೇ ನಿರ್ವಹಿಸಿದ್ದರು; ತಿರಸ್ಕರಿಸುವವನಿಗೂ ತಿರಸ್ಕೃತನಿಗೂ ಒಂದೇ ಮುಖ. ಆದರೆ ಪುರಾಣದಲ್ಲಿ ನಾಗಲೋಕದ ಮಣಿಯೊಂದಿದೆ. ಅರ್ಜುನ ಮತ್ತೆ ಕಣ್ದೆರೆಯುತ್ತಾನೆ, ಮಗನನ್ನು ಮಗನೆಂದು ಒಪ್ಪುವುದಕ್ಕೆ ಎರಡನೆಯ ಅವಕಾಶ ಪಡೆಯುತ್ತಾನೆ. ರಷ್ಯಾದ ಆ ದ್ವೀಪದಲ್ಲಿ ಮಣಿಯಿಲ್ಲ. ದಡದಲ್ಲಿ ಬಿಟ್ಟ ದೋಣಿ ತಾನಾಗಿ ನೀರಿಗೆ ಸರಿದು, ಹೆಣವನ್ನೂ ಪೆಟ್ಟಿಗೆಯನ್ನೂ ಹೊತ್ತು ಮುಳುಗುತ್ತದೆ. ಆಗ ಇವಾನ್ ನೀರಿಗೆ ಓಡುತ್ತ ಅಪ್ಪಾ, ಅಪ್ಪಾ ಎಂದು ಕೂಗುತ್ತಾನೆ. ಯಾರೂ ಅಪ್ಪಣೆ ಮಾಡದೆ ಬಂದ ಕರೆಯದು. ಕೇಳುವವನಿಲ್ಲ.

ಬಳಿಕ ಕಾರಿನೊಳಗೆ ಮಕ್ಕಳಿಗೆ ಒಂದು ಹಳೆಯ ಭಾವಚಿತ್ರ ಸಿಗುತ್ತದೆ. ಅದರಲ್ಲಿ ತಾಯಿ ಮತ್ತು ಎಳೆಯ ಮಕ್ಕಳಿಬ್ಬರಿದ್ದಾರೆ, ತಂದೆಯಿಲ್ಲ. ಆತ ಅದನ್ನು ತನ್ನ ಬಳಿ ಇಟ್ಟುಕೊಂಡಿದ್ದ. ಪೆಟ್ಟಿಗೆಯ ರಹಸ್ಯಕ್ಕೆ ತಲೆ ಕೆಡಿಸಿಕೊಳ್ಳುವವರು ಈ ಕಾಗದದ ಚೂರನ್ನು ಲಘುವಾಗಿ ದಾಟಿ ಹೋಗುತ್ತಾರೆ. ಪೆಟ್ಟಿಗೆ ತೆರೆಯದಿದ್ದರೆ ನಷ್ಟವೇನಿಲ್ಲ. ಅದರಲ್ಲಿ ಹಣವಿದ್ದೀತು, ಮತ್ತೇನೋ ಇದ್ದೀತು. ಈ ಭಾವಚಿತ್ರವನ್ನು ಆತ ಏಕೆ ತೋರಿಸಲಿಲ್ಲ ಎಂಬುದೇ ಚಿತ್ರದ ನಿಜವಾದ ಒಗಟು. ಸೇತುವೆಯ ಮಳೆಯಲ್ಲಿ ಮಗ ಕೇಳಿದ ಪ್ರಶ್ನೆಗೆ ಉತ್ತರ ಅದೇ ಕಾರಿನಲ್ಲಿತ್ತು. ಕೈ ಚಾಚಿ ತೆಗೆದುಕೊಟ್ಟಿದ್ದರೆ ತಂದೆಯ ಗೌರವಕ್ಕೆ ಕುಂದು ಬರುತ್ತಿರಲಿಲ್ಲ. ತೋರಿಸದ ಪ್ರೀತಿ ತಂದೆಯ ಪಾಲಿಗೆ ಪ್ರೀತಿಯೇ ಆಗಿರಬಹುದು. ಮಗನ ಪಾಲಿಗೆ ಅದು ಇಲ್ಲದ್ದಕ್ಕೆ ಸಮ.

ಪ್ರಯಾಣದುದ್ದಕ್ಕೂ ಮಕ್ಕಳ ಕೈಯಲ್ಲಿ ಕ್ಯಾಮೆರಾ ಇತ್ತು. ಚಿತ್ರ ಮುಗಿಯುವುದು ಅವರು ತೆಗೆದ ಕಪ್ಪು ಬಿಳುಪಿನ ಚಿತ್ರಗಳಿಂದ: ನಗುವ ಅಣ್ಣ, ಮುನಿದ ತಮ್ಮ, ರಸ್ತೆ, ನೀರು. ಅವುಗಳಲ್ಲಿ ತಂದೆ ಕಾಣಿಸುವುದಿಲ್ಲ. ಕಟ್ಟಕಡೆಗೆ ಮಾತ್ರ ಹಳೆಯದೊಂದು ಚಿತ್ರ ಬರುತ್ತದೆ. ಅದರಲ್ಲಿ ಆತ ಎಳೆಯ ಕೂಸನ್ನು ಎತ್ತಿಕೊಂಡಿದ್ದಾನೆ.